ಕರೆಂಟ್ ಹರಿಯದ ವಜ್ರದಲ್ಲಿ ಬಿಸಿ ಹರಿಯುವುದು ಹೇಗೆ?

ಲೋಹದಲ್ಲಿ ಬಿಸಿಯನ್ನು ಹೊರುವುದು ಎಲೆಕ್ಟ್ರಾನ್ ಅಂದಮೇಲೆ, ಕರೆಂಟೇ ಹರಿಯದ ವಜ್ರದಲ್ಲಿ ಬಿಸಿ ತಾಮ್ರಕ್ಕಿಂತ ಚೆನ್ನಾಗಿ ಹರಿಯುವುದು ಹೇಗೆ ಅಂತ ಕೇಳಿದ್ದೀರಿ. ನನಗೂ ಮೊದಲು ಇದು ವಿಚಿತ್ರ ಅನ್ನಿಸಿತ್ತು.

ನೀವು ಓದಿದ್ದು ತಪ್ಪಲ್ಲ, ಅರ್ಧ ಅಷ್ಟೇ. ತಾಮ್ರದಲ್ಲಿ ಬಿಡುಬೀಸಾಗಿ ಓಡಾಡುವ ಎಲೆಕ್ಟ್ರಾನ್‌ಗಳೇ ಕರೆಂಟನ್ನೂ ಬಿಸಿಯನ್ನೂ ಸಾಗಿಸುತ್ತವೆ. ಇವೆರಡಕ್ಕೂ ನಂಟಿದೆ ಅಂತ ಜರ್ಮನಿಯ ವಿಜ್ಞಾನಿಗಳಾದ ವೀಡೆಮನ್ ಮತ್ತು ಫ್ರಾಂಜ್ 1853ರಲ್ಲೇ ಗುರುತಿಸಿದ್ದರು. ಆದರೆ ಬಿಸಿಗೆ ಇನ್ನೊಂದು ದಾರಿ ಇದೆ: ಪರಮಾಣುಗಳ ನಡುಕ. ಒಂದು ಅಲುಗಿದರೆ ಪಕ್ಕದ್ದನ್ನೂ ಅಲುಗಿಸುತ್ತದೆ. ಈ ಅಲೆಗಳಿಗೇ ಫೋನಾನ್ ಅನ್ನುವುದು.

ವಜ್ರದಲ್ಲಿ ಇಂಗಾಲದ ಪರಮಾಣುಗಳು ಹಗುರ, ನಡುವಿನ ಬಂಧ ತುಂಬಾ ಗಟ್ಟಿ, ಜೋಡಣೆಯೂ ಅಚ್ಚುಕಟ್ಟು. ಸಡಿಲ ಹಗ್ಗಕ್ಕಿಂತ ಬಿಗಿದ ಹಗ್ಗದಲ್ಲಿ ಅಲೆ ಬೇಗ ಓಡುತ್ತದಲ್ವಾ, ಹಾಗೆ. ತಾಮ್ರದ ಉಷ್ಣವಾಹಕತೆ, ಅಂದರೆ ಬಿಸಿ ಎಷ್ಟು ಚೆನ್ನಾಗಿ ಹರಿಯುತ್ತದೆ ಅನ್ನುವ ಅಳತೆ, ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್ ಇದ್ದರೆ, ಒಳ್ಳೆಯ ವಜ್ರದ್ದು 2000 ದಾಟುತ್ತದೆ. ತೆಳುವಾದ ವಜ್ರದ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು ಮಂಜುಗಡ್ಡೆಗೆ ಒತ್ತಿದರೆ ಬೆರಳಿನ ಬಿಸಿಯೇ ಅಂಚಿಗೆ ಹರಿದು ಮಂಜು ಕರಗುತ್ತದೆ, ಬಿಲ್ಲೆ ಸಲೀಸಾಗಿ ಒಳಗಿಳಿಯುತ್ತದೆ. ಬೆರಳು ಮಾತ್ರ ಆಗಲೇ ತಣ್ಣಗೆ ಕೊರೆಯತೊಡಗಿರುತ್ತದೆ!

ಗಾಜಿನಲ್ಲೂ ಇದೇ ನಡುಕ, ಆದರೆ ಅಂಕಿ 1ರ ಆಸುಪಾಸು. ಪರಮಾಣುಗಳು ಅಡ್ಡಾದಿಡ್ಡಿ ಇರುವುದರಿಂದ ಅಲೆ ಹೆಜ್ಜೆ ಹೆಜ್ಜೆಗೂ ಚದುರುತ್ತದೆ. ಬಿಸಿಯ ಹರಿವನ್ನು ನೋಡಿ ವಜ್ರ ಪರೀಕ್ಷಿಸುವ ಪುಟ್ಟ ಯಂತ್ರ ಗಾಜಿನ ಹರಳನ್ನು ಹಿಡಿದುಹಾಕುವುದು ಹೀಗೇ. ವಜ್ರದಂತೆಯೇ ಕಾಣುವ ಮೊಯ್ಸನೈಟ್ ಅನ್ನುವ ಹರಳು ಮಾತ್ರ ಅದಕ್ಕೂ ಚಳ್ಳೆಹಣ್ಣು ತಿನ್ನಿಸುತ್ತದೆ, ಯಾಕಂದರೆ ಅದರಲ್ಲೂ ಬಿಸಿ ಜೋರಾಗಿಯೇ ಹರಿಯುತ್ತದೆ.