ಆ ನಗು ಯಾರದು?

ಪ್ರಶ್ನೆ: ಅಮೆರಿಕದ ಹಳೆಯ ಕೌಟುಂಬಿಕ ಹಾಸ್ಯ ಧಾರಾವಾಹಿಗಳಲ್ಲಿ ಮಾತುಮಾತಿಗೂ ಕೇಳಿಬರುವ ನಗು ನಿಜವಾದ ಪ್ರೇಕ್ಷಕರದೇ, ಆಮೇಲೆ ಸೇರಿಸಿದ್ದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಉಂಟು. ಒಂದೇ ಕ್ಯಾಮೆರಾದಿಂದ ಸಿನಿಮಾದಂತೆ ಚಿತ್ರಿಸಿದ ಅನೇಕ ಧಾರಾವಾಹಿಗಳಿಗೆ ಧ್ವನಿಮುದ್ರಿತ ನಗುವನ್ನು ಜೋಡಿಸುತ್ತಿದ್ದರು. ಆದರೆ 1951ರ ಅಕ್ಟೋಬರ್‌ನಲ್ಲಿ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ ‘ಐ ಲವ್ ಲೂಸಿ’ಯ ನಗು ಸ್ಟುಡಿಯೋದಲ್ಲಿ ಕುಳಿತಿದ್ದ ಜನರದು. ನ್ಯೂಯಾರ್ಕಿನಿಂದ ನೇರಪ್ರಸಾರ ಮಾಡಬೇಕೆಂಬ ಒತ್ತಾಯ ಬಂದಾಗ, ಹಾಲಿವುಡ್ ಬಿಡಲೊಲ್ಲದ, ಲೂಸಿಯ ಪಾತ್ರಧಾರಿ ಲೂಸಿಲ್ ಬಾಲ್ ಮತ್ತು ಅವರ ಪತಿ, ಸಹನಟ ಡೆಸಿ ಆರ್ನಾಜ್, ಪ್ರೇಕ್ಷಕರ ಎದುರು ನಾಟಕದಂತೆ ಅಭಿನಯಿಸಿ, ಅದನ್ನು ಮೂರು ಕ್ಯಾಮೆರಾಗಳಿಂದ ಏಕಕಾಲಕ್ಕೆ ಫಿಲ್ಮಿನಲ್ಲಿ ಸೆರೆಹಿಡಿಯುವ ದಾರಿಯನ್ನು ಆರಿಸಿಕೊಂಡರು. ಎಲ್ಲ ಕೋನಗಳಿಗೂ ಹೊಂದುವ ಬೆಳಕಿನ ವ್ಯವಸ್ಥೆಯನ್ನು ರೂಪಿಸಿದವರು ಜರ್ಮನಿಯ ಮೂಕಿಚಿತ್ರಗಳಲ್ಲಿ ಹೆಸರು ಮಾಡಿದ್ದ ಛಾಯಾಗ್ರಾಹಕ ಕಾರ್ಲ್ ಫ್ರಾಯಂಡ್. ಫಿಲ್ಮಿನ ಹೆಚ್ಚುವರಿ ವೆಚ್ಚಕ್ಕಾಗಿ ದಂಪತಿ ತಮ್ಮ ಸಂಭಾವನೆಯನ್ನು ಇಳಿಸಿಕೊಂಡು, ಬದಲಿಗೆ ಕಂತುಗಳ ಒಡೆತನವನ್ನು ತಮ್ಮ ಡೆಸಿಲು ಸಂಸ್ಥೆಗೆ ಪಡೆದರು. ಮರುಪ್ರಸಾರದ ಬೆಲೆಯನ್ನು ಹೆಚ್ಚಿನವರು ಅರಿಯದಿದ್ದ ಆ ಕಾಲದಲ್ಲಿ ಇಂಥ ದೂರದೃಷ್ಟಿ ತೋರಿದ್ದು ಅವರ ಅಭಿನಯದಷ್ಟೇ ದೊಡ್ಡ ಸಾಧನೆಯೆಂದು ನಾನು ಭಾವಿಸುತ್ತೇನೆ.

ಬರಹಗಾರರ ಶ್ರಮವನ್ನೂ ಮರೆಯಲಾಗದು: ಲೂಸಿ ಮಾಡಬೇಕಾದ ಕಸರತ್ತುಗಳನ್ನು ಲೇಖಕಿ ಮ್ಯಾಡೆಲಿನ್ ಪ್ಯೂ ಮೊದಲು ತಾವೇ ಮಾಡಿ ನೋಡುತ್ತಿದ್ದರು.