ಹೆದರಿಕೆಗೆ ಬಣ್ಣವಿಲ್ಲವೆ?

ಪತ್ರ: ‘ದಕ್ಷಿಣ ಆಫ್ರಿಕಾದ ಬಿಳಿಯ ಕಾದಂಬರಿಕಾರ ಅಲನ್ ಪೇಟನ್ ಓದಿದ ಮೇಲೆ ಅನಿಸಿದ್ದು, ಹೆದರಿಕೆಗೆ ಬಣ್ಣವಿಲ್ಲ. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಕಥೆಯಾಗಿಸುವವರು ಬಿಳಿಯರ ಭಯಕ್ಕೂ ಕರಿಯರ ಭಯಕ್ಕೂ ಸಮಪಾಲು ಕೊಡಬೇಕಲ್ಲವೆ? ಪಾಸು, ಪರವಾನಗಿಗಳ ವಿವರ ಕಥೆಗೆ ಭಾರವಲ್ಲವೆ?’
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪೇಟನ್‌ರನ್ನು ಮನಸ್ಸಿಟ್ಟು ಓದಿದ್ದೀರಿ, ಸಂತೋಷ. ಬಿಳಿಯರೂ ಹೆದರಿದ್ದರು, ಒಪ್ಪಿದೆ. ಅಲ್ಲಿನ ಬಿಳಿಯ ಲೇಖಕಿ ನಡೀನ್ ಗಾರ್ಡಿಮರ್ ಅವರ ಒಂದು ಸಣ್ಣಕಥೆಯಲ್ಲಿ ಬಿಳಿಯ ಸಂಸಾರವೊಂದು ಕಿಟಕಿಗೆ ಸರಳು, ಅಲಾರಂ, ಎತ್ತರದ ಗೋಡೆ, ಕೊನೆಗೆ ಅದರ ಮೇಲೆ ಅಲಗಿನ ತಂತಿಸುರುಳಿ ಹಾಕಿಸುತ್ತದೆ. ಸಿಕ್ಕಿಬೀಳುವುದು ಅವರದೇ ಮಗು.

ಆದರೆ ‘ಸಮಪಾಲು’ ಎಂದಿರಿ ನೋಡಿ, ನನ್ನ ತಕರಾರು ಅಲ್ಲಿ. ಗೋಡೆ ದುಡ್ಡು ಕೊಟ್ಟು ಕಟ್ಟಿಸಿಕೊಳ್ಳುವ ಭಯ. ಪಾಸು, ಅಂದರೆ ಕರಿಯರು ಓಡಾಡಲು ಒಯ್ಯಬೇಕಿದ್ದ ಪರವಾನಗಿ ಕಾಗದ, ಸರ್ಕಾರ ಕಿಸೆಗೆ ತುರುಕಿದ ಭಯ. ಪೇಟನ್‌ರ 1948ರ ‘ಕ್ರೈ, ದ ಬಿಲವ್ಡ್ ಕಂಟ್ರಿ’ಯಲ್ಲಿ ಕಳ್ಳತನಕ್ಕೆ ಹೋದ ಕರಿಯ ಯುವಕ ಅಬ್ಸಲೋಮ್ ಬಿಳಿಯನ ಮೇಲೆ ಗುಂಡು ಹಾರಿಸಿದ್ದು ಹೆದರಿ. ಕೋರ್ಟಿನಲ್ಲಿ ಹಾಗೆಂದೇ ಹೇಳುತ್ತಾನೆ. ಜೊತೆಗಿದ್ದ ಇಬ್ಬರೂ ಬಿಡುಗಡೆಯಾಗುತ್ತಾರೆ, ನಿಜ ಹೇಳಿದವನಿಗೆ ಗಲ್ಲು. ಅವನ ಭಯಕ್ಕೆ ನ್ಯಾಯಾಲಯವೇ ಸಮಪಾಲು ಕೊಡಲಿಲ್ಲವಲ್ಲ.

ವಿವರ ಭಾರ ಎನ್ನುತ್ತೀರಿ. ವಿವರವಿಲ್ಲದಿದ್ದರೆ ಭಯ ಬರೀ ಗುಣವಾಚಕ. 1952ರ ಕಾನೂನಿನ ಹೆಸರಲ್ಲೇ ‘ಪಾಸುಗಳ ರದ್ದತಿ’ ಎಂದಿತ್ತು! ರದ್ದಾದದ್ದು ಹಳೆಯ ಬಿಡಿ ಕಾಗದಗಳು. ಬದಲಿಗೆ ಬಂದದ್ದು ಒಂದೇ ಪುಸ್ತಕ, ಜನ ‘ದೊಂಪಾಸ್’ (ದಡ್ಡ ಪಾಸು) ಎಂದು ಹಳಿದದ್ದು. 16 ತುಂಬಿದ ಆಫ್ರಿಕನ್ನರು ಸದಾ ಒಯ್ಯಬೇಕಿತ್ತು. ಒಳಗೆ ಫೋಟೊ, ತೆರಿಗೆಯ ದಾಖಲೆ, ಕೆಲಸ ಕೊಟ್ಟವನ ತಿಂಗಳ ಸಹಿ. ಅನುಮತಿಯಿಲ್ಲದೆ ಪಟ್ಟಣದಲ್ಲಿ 72 ಗಂಟೆ ಮೀರುವಂತಿರಲಿಲ್ಲ. ಸಹಿ ಮರೆಯುವವನು ಧಣಿ, ಪೊಲೀಸರ ಕೈಗೆ ಸಿಕ್ಕುವವನು ಆಳು. ಇಷ್ಟು ಗೊತ್ತಿದ್ದರೆ, ತಿಂಗಳ ಕೊನೆಗೆ ಧಣಿ ಊರಲ್ಲಿಲ್ಲ ಎಂಬ ಒಂದೇ ಸಾಲಿಗೆ ಎದೆ ಧಸಕ್ಕೆನ್ನುತ್ತದೆ.

ಹಾಗೆಂದು ಎಲ್ಲರ ಕಿಸೆಗೂ ಈ ಪುಸ್ತಕ ತುರುಕಬೇಡಿ. ಅಲೆಕ್ಸ್ ಲಾ ಗೂಮಾರ ‘ಎ ವಾಕ್ ಇನ್ ದ ನೈಟ್’ನ ಮೈಕೇಲ್ ಅಡೋನಿಸ್ ‘ಕಲರ್ಡ್’, ಅಂದರೆ ಮಿಶ್ರ ಮೂಲದವನು. 1950ರ ಜನಸಂಖ್ಯಾ ನೋಂದಣಿ ಕಾಯಿದೆ ಬಿಳಿಯರು, ಆಫ್ರಿಕನ್ನರ ನಡುವೆ ಇಟ್ಟ ವರ್ಗ. ಅವನಿಗೆ ದೊಂಪಾಸ್ ಇಲ್ಲ, ಭಯ ಇದೆ. ಕೇಪ್‌ಟೌನಿನ ಬೀದಿಯಲ್ಲಿ ಪೊಲೀಸರು ತಡೆದಾಗ ಅವರ ಕಣ್ಣನ್ನು ನೋಡಬಾರದು, ನೋಡಿದರೆ ಸೊಕ್ಕು. ಕಿಸೆಯ ಗುಂಡಿಯನ್ನೋ ಹೊಳೆಯುವ ಬೆಲ್ಟನ್ನೋ ನೋಡಬೇಕು. ಇದನ್ನು ಯಾರೂ ಕಲಿಸಿದ್ದಲ್ಲ, ಪೆಟ್ಟು ತಿಂದು ಬಂದದ್ದು. ಆ ಗುಂಡಿಯ ಮುಂದೆ ಹತ್ತು ಪುಟಗಳ ಭಾಷಣ ತೂಗುವುದಿಲ್ಲ. ಅಂದಹಾಗೆ, ಲಾ ಗೂಮಾರ ಆ ಕೃತಿ 1962ರಲ್ಲಿ ಅಚ್ಚಾದದ್ದು ನೈಜೀರಿಯಾದ ಇಬಾದಾನ್‌ನಲ್ಲಿ. ಸ್ವದೇಶದಲ್ಲಿ ಲಾ ಗೂಮಾರ ಮಾತನ್ನು ಉಲ್ಲೇಖಿಸುವುದೂ ನಿಷಿದ್ಧವಾಗಿತ್ತು. ಸಮಪಾಲಿನ ಮಾತನ್ನು ಅವರ ಮುಂದೆ ಹೇಗೆ ಆಡೋಣ?

ನಮ್ಮ ಅನುವಾದಗಳ ಸಂಕಟವೂ ಇದೇ. ‘ಕಲರ್ಡ್’ ಬಂದಲ್ಲೆಲ್ಲ ‘ಕರಿಯ’ ಎಂದು ಒತ್ತಿಬಿಟ್ಟರೆ ಬಿಳಿಯರು, ಕಲರ್ಡ್, ಭಾರತೀಯರು, ಆಫ್ರಿಕನ್ನರು ಎಂಬ ನಾಲ್ಕು ಮೆಟ್ಟಿಲ ಏಣಿ ಎರಡಕ್ಕಿಳಿಯುತ್ತದೆ. ಆಫ್ರಿಕಾನ್ಸ್‌ನ ‘ಬಾಸ್’ (ಒಡೆಯ) ಅನ್ನು ಹಾಗೇ ಬಿಟ್ಟರೆ ಇನ್ನೂ ಅನಾಹುತ: ನಮ್ಮಲ್ಲಿ ‘ಬಾಸ್’ ಅಂದರೆ ಆಟೋ ಸ್ಟ್ಯಾಂಡಿನಲ್ಲಿ ಗೆಳೆಯ. ‘ಧಣಿ’ ಎನ್ನಿ, ಬೆನ್ನು ತಾನೇ ಬಾಗುತ್ತದೆ. ಮನೆಗೆಲಸದ ನಡುವಯಸ್ಸಿನವನನ್ನು ‘ಬಾಯ್’ ಎಂದರೆ ಮಾತ್ರ ‘ಹುಡುಗ’ ಎಂದೇ ಇಡಿ, ‘ಸೇವಕ’ ಎಂದು ಮರ್ಯಾದೆ ಹಚ್ಚಬೇಡಿ.

ಮುಂದೆ ಗಾರ್ಡಿಮರ್‌ರ 1981ರ ‘ಜುಲೈಸ್ ಪೀಪಲ್’ ಓದಿ. ದಂಗೆಗೆ ಹೆದರಿದ ಬಿಳಿಯ ಸಂಸಾರ, 15 ವರ್ಷ ತಮ್ಮ ಮನೆಯಲ್ಲಿ ದುಡಿದ ಆಳಿನ ಹಳ್ಳಿಯಲ್ಲಿ ಅಡಗುತ್ತದೆ. ಗಾಡಿಯ ಕೀಲಿ ಯಾರ ಕೈಯಲ್ಲಿ ಎಂಬುದರ ಮೇಲೆ ಭಯ ಅತ್ತಿತ್ತ ತಿರುಗುತ್ತದೆ. ಅವರು ‘ಜುಲೈ’ ಎಂದು ಕರೆದವನ ನಿಜವಾದ ಹೆಸರು ಮ್ವಾವಾಟೆ. ಕೊನೆಯ ಹೊತ್ತಿಗೆ ಅವನು ಮನೆಯೊಡತಿಯ ಮೇಲೆ ರೇಗಿ ತನ್ನ ನುಡಿಯಲ್ಲೇ ಮಾತಾಡಿಬಿಡುತ್ತಾನೆ. ಒಂದು ಪದ ತಿಳಿಯದಿದ್ದರೂ ಆಕೆಗೆ ಎಲ್ಲ ಅರ್ಥವಾಗುತ್ತದೆ. ಆ ಮಾತುಗಳನ್ನು ಗಾರ್ಡಿಮರ್ ಪುಟದ ಮೇಲೆ ಕೊಟ್ಟಿಲ್ಲ. ಕನ್ನಡಕ್ಕೆ ತರುವವರೂ ದಯವಿಟ್ಟು ಕೊಡಬೇಡಿ.