ಎಲ್ಲ ಬೀಜಕ್ಕೂ ಫ್ರಿಜ್ ಬೇಡ

ಪ್ರಶ್ನೆ: ಸೇಬಿನ ಬೀಜ ಫ್ರಿಜ್‌ನಲ್ಲಿಟ್ಟರೆ ಮೊಳೆಯುತ್ತದೆ ಅಂತ ಕೇಳಿ ಹಲಸು, ಹುಣಸೆ ಬೀಜವನ್ನೂ ಎರಡು ತಿಂಗಳು ಇಟ್ಟೆ. ನೆಟ್ಟರೆ ಒಂದೂ ಮೊಳೆಯಲಿಲ್ಲ. ಯಾಕೆ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ತಂಪು ಬೇಕಾಗಿರುವುದು ಚಳಿ ಸೀಮೆಯ ಮರಗಳಿಗೆ. ಹಿಮಾಚಲದಲ್ಲಿ ಸೇಬು ಮಾಗಿದ ಬೆನ್ನಿಗೇ ಚಳಿಗಾಲ. ಆಗಲೇ ಮೊಳೆತರೆ ಸಸಿ ಉಳಿಯುತ್ತದಾ? ಅದಕ್ಕೇ ಬೀಜ ನಿದ್ದೆ ಮಾಡುತ್ತದೆ. ಒದ್ದೆ ಮರಳಿನಲ್ಲಿ, 4-5 ಡಿಗ್ರಿ ತಂಪಿನಲ್ಲಿ ಎರಡು ಮೂರು ತಿಂಗಳು ಕಳೆದರೆ ಮೊಳಕೆ ತಡೆಯುವ ಹಾರ್ಮೋನು ಇಳಿಯುತ್ತದೆ. ಒಣ ಬೀಜ ಸುಮ್ನೆ ಇಟ್ಟರೆ ಸಾಲದು, ತೇವ ಇರಲೇಬೇಕು.

ಹಲಸಿಗೆ ಆ ನಿದ್ದೆಯೇ ಇಲ್ಲ. ಹಣ್ಣಿನೊಳಗೇ ಮೊಳೆತದ್ದನ್ನು ನೋಡಿದ್ದೀರಿ ಅಲ್ವಾ? ಒಣಗಿದರೂ ಸಾಯುತ್ತದೆ, ಫ್ರಿಜ್‌ನ ಚಳಿಗೂ ಸಾಯುತ್ತದೆ. ತೊಳೆದು ಅದೇ ವಾರ ನೆಡಿ.

ಹುಣಸೆ ಬೀಜ ಮಾತ್ರ ಬಿಸಾಡಬೇಡಿ, ಬದುಕಿರಬಹುದು. ಅದರ ಸಿಪ್ಪೆ ಗಟ್ಟಿ, ನೀರು ಒಳಗೆ ಇಳಿಯುವುದಿಲ್ಲ, ಅಷ್ಟೇ. ಚೌಕಾಬಾರಕ್ಕೆ ಕಲ್ಲಿನ ಮೇಲೆ ಉಜ್ಜುತ್ತೇವಲ್ಲ, ಹಾಗೆ ಒಂದು ಅಂಚನ್ನು ಬಿಳಿ ಕಾಣುವವರೆಗೆ ಉಜ್ಜಿ. ಜಾಸ್ತಿ ಬೇಡ. ನಾನು ಹಾಗೆ ಉಜ್ಜಿ ರಾತ್ರಿ ನೀರಿಗೆ ಹಾಕುತ್ತೇನೆ. ಬೆಳಗ್ಗೆ ಉಬ್ಬಿದ ಬೀಜವನ್ನು ನೆಡುತ್ತೇನೆ, ಉಬ್ಬದ್ದನ್ನು ಮತ್ತೆ ಉಜ್ಜುತ್ತೇನೆ.